ಇದರಲ್ಲಿ ನಾನು ಬರೆಯೋದು ಎಲ್ಲಿ, ಮಾಮ?

ಅಕ್ಕನ ಮಗಳಿಗೆ ಈಗ 14 ವರ್ಷ. ಒಂದು ಸಂಜೆ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಬಂದವಳೇ, "ಮಾಮ, ನಂಗೆ ವೆಬ್‌ಸೈಟ್ ಮಾಡೋದು ಹೇಳ್ಕೊಡ್ತೀಯಾ?" ಅಂದಳು. ನಾನು ವೆಬ್‌ಸೈಟ್ ಮಾಡಿಯೇ ಹೊಟ್ಟೆ ಹೊರೆಯುವವನು. ಹದಿನೈದು ವರ್ಷದಿಂದ ಅದೇ ಕೆಲಸ. ಇವಳಿಗೆ ಹೇಳಿಕೊಡುವುದೇನು ಮಹಾ ಅಂದುಕೊಂಡೆ. ಮುಗ್ಗರಿಸಿದ್ದು ಅಲ್ಲೇ.

ಮೊದಲ ದಿನ ನಾನು ಆಫೀಸಿನಲ್ಲಿ ಬಳಸುವುದನ್ನೆಲ್ಲ ಅವಳ ಲ್ಯಾಪ್‌ಟಾಪ್‌ಗೆ ತುಂಬಿದೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್, ಕೋಡ್‌ನ ಹಳೆಯ ರೂಪಗಳನ್ನು ಕಾಪಾಡುವ ಗಿಟ್, ಪುಟ ಕಟ್ಟಲು ಬಳಸುವ ರಿಯಾಕ್ಟ್, ಮತ್ತೆ ನೋಡ್, ಟೈಪ್‌ಸ್ಕ್ರಿಪ್ಟ್, ಟೈಲ್‌ವಿಂಡ್. ಜೊತೆಗೆ ಎಡಿಟರ್‌ಗೆ ಸೇರಿಸುವ ಒಂದು ಡಜನ್ ಎಕ್ಸ್‌ಟೆನ್ಷನ್. ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಅವಳು ಪಕ್ಕದಲ್ಲಿ ಕೂತು ಕಪ್ಪು ಟರ್ಮಿನಲ್‌ನಲ್ಲಿ ಓಡುವ ಅಕ್ಷರಗಳನ್ನು ನೋಡುತ್ತಾ ಆಕಳಿಸುತ್ತಿದ್ದಳು. ಕೊನೆಗೆ ಬ್ರೌಸರ್‌ನಲ್ಲಿ ಒಂದು ಚೆಂದದ ಪುಟ ಬಂತು. ನಾನು ಹೆಮ್ಮೆಯಿಂದ ಅವಳ ಮುಖ ನೋಡಿದೆ. ಅವಳು ಎಡಗಡೆಯ ಫೋಲ್ಡರ್‌ಗಳ ಪಟ್ಟಿ ನೋಡುತ್ತಿದ್ದಳು. ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಕೋಡ್, ಬಂದು ಕೂರುವ ಆ ಒಂದು ಫೋಲ್ಡರ್ ತೆರೆದಳು. ಸಾವಿರಾರು ಫೈಲ್.

"ಇದರಲ್ಲಿ ನಾನು ಬರೆಯೋದು ಎಲ್ಲಿ, ಮಾಮ?"

ಇಂಥ ಫೈಲ್‌ನ ಇಂಥ ಸಾಲಿನಲ್ಲಿ ಅಂತ ತೋರಿಸಿದೆ. ಅವಳು ಅಲ್ಲಿ ತನ್ನ ಹೆಸರು ಬರೆದಳು. ಪುಟದಲ್ಲೂ ಹೆಸರು ಬಂತು. "ಹ್ಞಾಂ, ಸರಿ" ಅಂದಳು. ಆಮೇಲೆ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ನನಗೆ ಅವಳ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ಅಕ್ಕನ ಹತ್ತಿರ ಹೇಳಿಯೂ ಬಿಟ್ಟೆ. ಅಕ್ಕ ಸುಮ್ನೆ ಇದ್ದವಳು, "ನೀನು ಕಲಿತಾಗ ಇಷ್ಟೆಲ್ಲ ಇತ್ತೇನೋ?" ಅಂತ ಕೇಳಿದಳು. ಇರಲಿಲ್ಲ. ನಾನು ಕಲಿತದ್ದು ನೋಟ್‌ಪ್ಯಾಡ್‌ನಲ್ಲಿ. ರಿಯಾಕ್ಟ್ ಬಂದಿದ್ದೇ 2013ರಲ್ಲಿ, ವಿಎಸ್ ಕೋಡ್ ಬಂದಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ನನಗೆ ಸಂಬಳ ಬರಲು ಶುರುವಾಗಿತ್ತು.

ಆ ರಾತ್ರಿ ನನ್ನ ಹಳೆಯ ಟಿಪ್ಪಣಿಗಳನ್ನು ಹುಡುಕಿದೆ. ಹಿಂದೊಮ್ಮೆ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅಂತ "ಇವನ್ನು ಬಳಸಿ" ಎಂದು ಒಂದು ಪಟ್ಟಿ ಮಾಡಿಕೊಟ್ಟಿದ್ದೆ. ಅದನ್ನು ಓದಿ ನಗು ಬಂತು. ಬ್ರಾಕೆಟ್ಸ್ ಅನ್ನುವ ಎಡಿಟರ್ ಇತ್ತು. ನನಗೆ ತುಂಬಾ ಇಷ್ಟವಾಗಿದ್ದ ಸಾಧನ. ಅಡೋಬಿ 2021ರಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು. ಆಟಮ್ ಇತ್ತು. ಅದು 2022ರ ಡಿಸೆಂಬರ್‌ನಲ್ಲಿ ಮುಗಿಯಿತು. ರಿಯಾಕ್ಟ್ ಶುರುಮಾಡಲು ಎಲ್ಲರೂ ಬಳಸುತ್ತಿದ್ದ 'ಕ್ರಿಯೇಟ್ ರಿಯಾಕ್ಟ್ ಆ್ಯಪ್' ಇತ್ತು. ಹೊಸ ಕೆಲಸಕ್ಕೆ ಅದು ಬೇಡ ಅಂತ 2025ರಲ್ಲಿ ರಿಯಾಕ್ಟ್ ತಂಡವೇ ಹೇಳಿತು. ಪಟ್ಟಿಯಲ್ಲಿ ಗಟ್ಟಿಯಾಗಿ ಉಳಿದದ್ದು ಪುಟದ ಹಂದರ ಬರೆಯುವ ಎಚ್‌ಟಿಎಂಎಲ್, ಅದಕ್ಕೆ ಅಂದ ಕೊಡುವ ಸಿಎಸ್‌ಎಸ್, ಪುಟ ಕೆಲಸ ಮಾಡುವಂತೆ ಮಾಡುವ ಜಾವಾಸ್ಕ್ರಿಪ್ಟ್ ಮಾತ್ರ. ಅವು ಸಾಧನಗಳೇ ಅಲ್ಲ, ಭಾಷೆಗಳು.

ಮರುದಿನ ಅವಳನ್ನು ಕರೆದು ಒಂದೇ ಒಂದು ಪುಟ ತೋರಿಸಿದೆ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನಲ್ಲಿದ್ದಾಗ ಮಾಡಿದ, ಜಗತ್ತಿನ ಮೊದಲ ವೆಬ್‌ಸೈಟ್. 1991ರಲ್ಲಿ ಅದು ಹೊರಗಿನವರಿಗೂ ಸಿಗುವಂತಾಯಿತು. ಸರ್ನ್‌ನವರು ಅದರ ಒಂದು ಪ್ರತಿಯನ್ನು ಇವತ್ತಿಗೂ ಹಳೆಯ ವಿಳಾಸದಲ್ಲೇ ಇಟ್ಟಿದ್ದಾರೆ. ಬಿಳಿ ಹಾಳೆ, ಕಪ್ಪು ಅಕ್ಷರ, ನೀಲಿ ಲಿಂಕ್. ಚಿತ್ರ ಇಲ್ಲ, ಬೇರೆ ಬಣ್ಣ ಇಲ್ಲ. "ಇಷ್ಟೇನಾ?" ಅಂದಳು. ಮೌಸ್‌ನ ಬಲಗಡೆ ಬಟನ್ ಒತ್ತಿ ಅದರ ಸೋರ್ಸ್, ಅಂದರೆ ಹಿಂದಿರುವ ಕೋಡ್, ನೋಡಲು ಹೇಳಿದೆ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟ್ಯಾಗ್ ಅನ್ನುವ ಗುರುತುಗಳು, ಒಂದು ಶೀರ್ಷಿಕೆ, ಒಂದಿಷ್ಟು ಲಿಂಕ್, ಒಂದು ಪಟ್ಟಿ. ಒಂದು ನಿಮಿಷ ಕಣ್ಣು ಕಿರಿದು ಮಾಡಿ ಓದಿದಳು. ಯಾವ ಟ್ಯಾಗ್ ಏನು ಮಾಡುತ್ತದೆ ಅಂತ ಅರ್ಧಕ್ಕರ್ಧ ತಾನೇ ಊಹಿಸಿದಳು.

"ಅಯ್ಯೋ, ಇದು ನಂಗೂ ಬರುತ್ತೆ!"

ಸರಿ, ಹಾಗಾದರೆ ಬರಿ ಅಂದೆ. ನೋಟ್‌ಪ್ಯಾಡ್ ತೆರೆದುಕೊಟ್ಟೆ.

ನೋಟ್‌ಪ್ಯಾಡ್‌ನಲ್ಲೇ ಕಲಿಯಬೇಕು, ಅದೇ ಶುದ್ಧ ಮಾರ್ಗ ಅನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ಮೂರು ದಿನದಲ್ಲಿ ಆ ಹಟ ಇಳಿಯಿತು. ಮೊದಲ ತೊಂದರೆ ಫೈಲ್ ಹೆಸರಿನದು. ಸೇವ್ ಮಾಡಿದ ಫೈಲ್ ಬ್ರೌಸರ್‌ನಲ್ಲಿ ತೆರೆಯುವ ಬದಲು ಮತ್ತೆ ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತಿತ್ತು. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಅಡಗಿಸಿ ತೋರಿಸುತ್ತದಲ್ಲ, ಅವಳ 'ಡಾಟ್ ಎಚ್‌ಟಿಎಂಎಲ್' ಹಿಂದೆ ಗುಟ್ಟಾಗಿ ಇನ್ನೊಂದು 'ಡಾಟ್ ಟಿಎಕ್ಸ್‌ಟಿ' ಕೂತಿತ್ತು. ಬಾಲ ತೋರಿಸುವ ಸೆಟ್ಟಿಂಗ್ ಹಾಕಿದ ಮೇಲೆ ಅದು ಬಗೆಹರಿಯಿತು. ಹೊಸಬರ ಕಂಪ್ಯೂಟರ್‌ನಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ ಅಂತ ಈಗ ನನಗೆ ಅನ್ನಿಸುತ್ತದೆ. ಎಡಿಟರ್ ಯಾವುದಾದರೂ ಆಗಲಿ, ಫೈಲ್‌ನ ಪೂರ್ತಿ ಹೆಸರು ಕಣ್ಣಿಗೆ ಕಾಣಬೇಕು.

ಎರಡನೆಯ ತೊಂದರೆ ದೊಡ್ಡದು. ಒಂದು ಟ್ಯಾಗ್ ಮುಚ್ಚುವುದನ್ನು ಮರೆತಿದ್ದಳು. ಪುಟದ ಅರ್ಧ ಭಾಗ ದಪ್ಪಕ್ಷರವಾಗಿ ಹೋಯಿತು. ನೋಟ್‌ಪ್ಯಾಡ್‌ನಲ್ಲಿ ಎಲ್ಲ ಅಕ್ಷರವೂ ಒಂದೇ ಕಪ್ಪು. ತಪ್ಪು ಹುಡುಕುತ್ತಾ ಮುಕ್ಕಾಲು ಗಂಟೆ ಕಳೆದಳು. ಆ ಮುಕ್ಕಾಲು ಗಂಟೆಯಲ್ಲಿ ಅವಳು ಕಲಿತದ್ದೇನೂ ಇಲ್ಲ, ಕಣ್ಣು ನೋವು ಬರಿಸಿಕೊಂಡಳು ಅಷ್ಟೆ. "ಇದನ್ನ ಬಣ್ಣದಲ್ಲಿ ತೋರ್ಸೋದು ಯಾವುದೂ ಇಲ್ವಾ?" ಅಂತ ಕೇಳಿದಳು. ಅವಳ ಬಾಯಿಂದಲೇ ಬಂತಲ್ಲ, ಆಗ ವಿಎಸ್ ಕೋಡ್ ತೆರೆದೆ. ಮೊದಲ ದಿನವೇ ಅವಳ ಲ್ಯಾಪ್‌ಟಾಪ್‌ನಲ್ಲಿ ಹಾಕಿಟ್ಟಿದ್ದ ಅದೇ ವಿಎಸ್ ಕೋಡ್. ಅವತ್ತು ಅದು ಅವಳಿಗೆ ಏನೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ನಾನು ಇದನ್ನೇ ಪದ್ಧತಿ ಮಾಡಿಕೊಂಡೆ. ಅವಳಿಗೆ ಒಂದು ಕೊರತೆ ಕಾಣಬೇಕು, ಅವಳೇ ಕೇಳಬೇಕು, ಆಗ ಒಂದು ಸಾಧನ. ಅದಕ್ಕೆ ಮುಂಚೆ ನಾನು ಬಾಯಿ ಬಿಡಬಾರದು. ಬಾಯಿ ಮುಚ್ಚಿಕೊಂಡು ಇರುವುದು ಎಷ್ಟು ಕಷ್ಟ ಅನ್ನುವುದು ಗೊತ್ತಿರುವವರಿಗೆ ಗೊತ್ತು.

ವಿಎಸ್ ಕೋಡ್‌ನಿಂದ ಹಳೆಯ ಎಕ್ಸ್‌ಟೆನ್ಷನ್ ಎಲ್ಲ ತೆಗೆದುಹಾಕಿದೆ. ತಾನೇ ಮುಂದಿನ ಸಾಲು ಬರೆದುಕೊಡುವ ಎಐ ಸಲಹೆಯನ್ನೂ ಬಂದ್ ಮಾಡಿದೆ. ಅವಳು ಮೊದಲ ಸಂಜೆ ಪೂರ್ತಿ ಎಡಿಟರ್‌ಗೆ ಬಣ್ಣ ಆರಿಸುವುದರಲ್ಲೇ ಕಳೆದಳು. ನೇರಳೆ ಹಿನ್ನೆಲೆ, ಗುಲಾಬಿ ಅಕ್ಷರ. ನೋಡಿದರೆ ತಲೆ ತಿರುಗುತ್ತದೆ. ಬಿಟ್ಟುಬಿಟ್ಟೆ. ಹೊಸ ನೋಟ್‌ಬುಕ್‌ಗೆ ಬೈಂಡ್ ಹಾಕಿ ಹೆಸರು ಬರೆಯುವ ಖುಷಿ ಅದು, ಅಲ್ವಾ.

ನಡುವೆ ಗೆಳತಿಯೊಬ್ಬಳ ಮಾತು ಕೇಳಿ ಕೋಡ್‌ಪೆನ್ ಹಿಡಿದಳು. ಬ್ರೌಸರ್‌ನಲ್ಲೇ ಮೂರು ಪೆಟ್ಟಿಗೆ, ಒಂದರಲ್ಲಿ ಎಚ್‌ಟಿಎಂಎಲ್, ಒಂದರಲ್ಲಿ ಸಿಎಸ್‌ಎಸ್, ಒಂದರಲ್ಲಿ ಜಾವಾಸ್ಕ್ರಿಪ್ಟ್. ಬರೆದ ತಕ್ಷಣ ಫಲ ಕೆಳಗೇ ಕಾಣುತ್ತದೆ. ಏನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಬಣ್ಣ, ಅಂಚು, ನೆರಳು ಇವುಗಳ ಜೊತೆ ಆಡಲು ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಒಂದು ವಾರದಲ್ಲಿ ಸಿಎಸ್‌ಎಸ್ ಅವಳಿಗೆ ಸಲೀಸಾಯಿತು. ಆದರೆ ಅಲ್ಲಿ ಮಾಡಿದ್ದನ್ನು ತನ್ನ ಫೋಲ್ಡರ್‌ಗೆ ತಂದಾಗ ಬಣ್ಣವೇ ಬರಲಿಲ್ಲ. ಮೂರು ಫೈಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಸಾಲನ್ನು ನಾವೇ ಬರೆಯಬೇಕು ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಆ ಪೆಟ್ಟಿಗೆಗಳು ಅದನ್ನು ಸದ್ದಿಲ್ಲದೆ ಮಾಡಿಕೊಡುತ್ತಿದ್ದವು. ಹಾಗಾಗಿ ಕೋಡ್‌ಪೆನ್ ಆಟದ ಮೈದಾನ, ಮನೆ ಫೋಲ್ಡರ್ ಅಂತ ತೀರ್ಮಾನವಾಯಿತು.

ಇಷ್ಟು ದಿನದಲ್ಲಿ ನನಗೆ ನಿಜವಾಗಿ ಬೆಲೆ ಗೊತ್ತಾದ ಸಾಧನ ಮಾತ್ರ ಬೇರೆ. ಅದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ಯಾಕೆಂದರೆ ಅದು ಕಂಪ್ಯೂಟರ್‌ನ ಬಹುತೇಕ ಬ್ರೌಸರ್‌ಗಳಲ್ಲಿ ಮೊದಲೇ ಇದೆ. ಎಫ್12 ಒತ್ತಿದರೆ ತೆರೆದುಕೊಳ್ಳುವ ಡೆವಲಪರ್ ಟೂಲ್ಸ್. ಅವಳು ದಿನವೂ ನೋಡುವ ಒಂದು ಸುದ್ದಿ ಪುಟ ತೆರೆದು, ಎಲಿಮೆಂಟ್ಸ್ ಭಾಗದಲ್ಲಿ ಮುಖ್ಯ ಸುದ್ದಿಯ ತಲೆಬರಹವನ್ನು ಅಳಿಸಿ, "ನಾಳೆಯಿಂದ ಪರೀಕ್ಷೆ ರದ್ದು" ಅಂತ ಬರೆಯುವುದು ತೋರಿಸಿದೆ. ಅವಳ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು. ರೀಲೋಡ್ ಮಾಡಿದರೆ ಮಾಯ. ಪುಟ ಅನ್ನುವುದು ಎಲ್ಲೋ ದೂರದ ಸರ್ವರ್‌ನಲ್ಲಿರುವುದು ಒಂದು, ನಮ್ಮ ಬ್ರೌಸರ್‌ಗೆ ಬಂದು ನಿಂತದ್ದು ಇನ್ನೊಂದು. ಈ ವಿಷಯ ತಿಳಿಸಲು ನಾನು ಕೆಲಸದಲ್ಲಿ ಕೆಲವರಿಗೆ ಬೋರ್ಡ್ ಮೇಲೆ ಚಿತ್ರ ಬರೆದು ವಿವರಿಸಿದ್ದೇನೆ. ಇವಳಿಗೆ ಅರ್ಧ ನಿಮಿಷ ಸಾಕಾಯಿತು.

ಸಿಎಸ್‌ಎಸ್ ಸಾಲಿನ ಮುಂದಿನ ಟಿಕ್ ತೆಗೆದು, ಹಾಕಿ, ಏನು ಬದಲಾಗುತ್ತದೆ ನೋಡುವುದು ಅವಳಿಗೆ ಚಟವೇ ಆಯಿತು. ತನ್ನದೇ ಪುಟದಲ್ಲಿ ಒಂದು ಪೆಟ್ಟಿಗೆ ಯಾಕೆ ಪಕ್ಕಕ್ಕೆ ಸರಿದಿದೆ ಅಂತ ಈಗ ನನ್ನನ್ನು ಕೇಳುವುದಿಲ್ಲ. ಅಂಚಿನ ಅಳತೆ ಎಷ್ಟಿದೆ ಅಂತ ಅಲ್ಲೇ ನೋಡಿಕೊಳ್ಳುತ್ತಾಳೆ.

ಅದರೊಳಗೇ ಕನ್ಸೋಲ್ ಇದೆ. ಒಂದು ಸಾಲು ಜಾವಾಸ್ಕ್ರಿಪ್ಟ್ ಬರೆದರೆ ತಕ್ಷಣ ಉತ್ತರ ಕೊಡುವ ಜಾಗ. ಅವಳು ಪದ ಊಹಿಸುವ ಆಟ ಮಾಡಲು ಹೊರಟಿದ್ದಳು, ಅದೂ ಕನ್ನಡ ಪದಗಳದ್ದು. ಪದದಲ್ಲಿ ಎಷ್ಟು ಅಕ್ಷರವೋ ಅಷ್ಟು ಖಾಲಿ ಮನೆ ತೋರಿಸಬೇಕು. 'ಕನ್ನಡ' ಅಂತ ಕೊಟ್ಟರೆ ಆಟ ಐದು ಮನೆ ತೋರಿಸಿತು. ತನ್ನ ಕೋಡ್‌ನಲ್ಲೇ ತಪ್ಪಿದೆ ಅಂತ ಒಂದು ದಿನ ಒದ್ದಾಡಿದಳು. ಕನ್ಸೋಲ್‌ನಲ್ಲಿ ಆ ಪದದ ಉದ್ದ ಕೇಳಿ ನೋಡು ಅಂದೆ. ಅಲ್ಲೂ 5. ಒಂದೊಂದೇ ಬಿಡಿಸಿ ನೋಡಿದಳು. ಕ, ನ, ಆಮೇಲೆ ಒತ್ತು ಮಾಡಿಸುವ ಗುರುತು, ಮತ್ತೊಂದು ನ, ಡ. ಕಂಪ್ಯೂಟರ್‌ಗೆ ಇವು ಐದೂ ಬೇರೆ ಬೇರೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. "ಹಂಗಾದ್ರೆ ಕಂಪ್ಯೂಟರ್‌ಗೆ ಒತ್ತಕ್ಷರ ಓದೋಕೆ ಬರಲ್ಲ!" ಅಂತ ಜೋರಾಗಿ ನಕ್ಕಳು. ಕೊನೆಗೆ ಪದವನ್ನು ಇಡಿಯಾಗಿ ಕೊಡುವ ಬದಲು ಕ, ನ್ನ, ಡ ಅಂತ ತಾನೇ ಬಿಡಿಸಿದ ಪಟ್ಟಿ ಕೊಟ್ಟಳು. ಆಟ ಸರಿಯಾಯಿತು. ಆ ಉಪಾಯ ನಾನು ಹೇಳಿಕೊಟ್ಟದ್ದಲ್ಲ.

ಈ ಆಟದ ನಡುವೆಯೇ ಎಐ ಪ್ರಸಂಗ ನಡೆದದ್ದು. ಒಂದು ಮಧ್ಯಾಹ್ನ ನೋಡಿದರೆ ಅವಳ 60 ಸಾಲಿನ ಫೈಲ್ 300 ಸಾಲಾಗಿದೆ. ಚಾಟ್‌ಬಾಟ್‌ಗೆ ಪೂರ್ತಿ ಆಟ ಬರೆದುಕೊಡು ಅಂದಿದ್ದಳು. ಬರೆದುಕೊಟ್ಟಿತ್ತು. ಟೈಮರ್, ಶಬ್ದ, ಬಣ್ಣದ ಕಾಗದದ ಚೂರು ಹಾರುವುದು, ಎಲ್ಲ ಇತ್ತು. ಚೆನ್ನಾಗಿಯೇ ಓಡುತ್ತಿತ್ತು. ನಾನು ಬಯ್ಯಲಿಲ್ಲ. "ಟೈಮರ್ 30 ಸೆಕೆಂಡ್ ಇದೆಯಲ್ಲ, ಕಷ್ಟದ ಪದಕ್ಕೆ ಮಾತ್ರ 45 ಮಾಡು ನೋಡೋಣ" ಅಂದೆ. ಒಂದು ಗಂಟೆ ತಡಕಾಡಿದಳು. ಮತ್ತೆ ಚಾಟ್‌ಬಾಟ್‌ಗೆ ಕೇಳಿದಳು. ಅದು ಇನ್ನೊಂದಿಷ್ಟು ಸಾಲು ಬದಲಿಸಿತು, ಸ್ಕೋರ್ ಕೆಟ್ಟಿತು. ಸಂಜೆ ಹೊತ್ತಿಗೆ ತಾನೇ ಬಂದು, "ಇದು ನನ್ನ ಆಟ ಅನ್ಸ್ತಾ ಇಲ್ಲ ಮಾಮ" ಅಂದಳು. ಹಳೆಯ 60 ಸಾಲಿಗೆ ವಾಪಸ್ ಹೋಗಬೇಕು ಅಂದಳು.

ಹೋಗುವುದು ಹೇಗೆ? ಅದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದಳು. ಫೋಲ್ಡರ್‌ನಲ್ಲಿ 'ಗೇಮ್', 'ಗೇಮ್ 2', 'ಗೇಮ್ ಫೈನಲ್', 'ಗೇಮ್ ಫೈನಲ್ ನಿಜ' ಅಂತ ನಾಲ್ಕು ಫೈಲ್ ಇದ್ದವು. ಬೇಕಾದದ್ದು ಮಾತ್ರ ಯಾವುದರಲ್ಲೂ ಇರಲಿಲ್ಲ. ಅಳುವುದೊಂದು ಬಾಕಿ. ಪುಣ್ಯಕ್ಕೆ ವಿಎಸ್ ಕೋಡ್ ನಾವು ಸೇವ್ ಮಾಡಿದ ಹಿಂದಿನ ರೂಪಗಳಲ್ಲಿ ಒಂದಷ್ಟನ್ನು ತಾನಾಗಿ ಇಟ್ಟುಕೊಳ್ಳುತ್ತದೆ. ಎಡಗಡೆ ಕೆಳಗೆ ಟೈಮ್‌ಲೈನ್ ಅಂತ ಒಂದು ಭಾಗ ಇದೆ, ಯಾರೂ ಅದರತ್ತ ನೋಡುವುದಿಲ್ಲ. ಅಲ್ಲಿ ಬೆಳಗಿನ ಫೈಲ್ ಸಿಕ್ಕಿತು.

ಗಿಟ್ ಕಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಮೊದಲ ದಿನ ಗಿಟ್ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದ್ದೆ, ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದದ್ದು ಅಂತೆಲ್ಲ. ಅವಳಿಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಈಗ ಎರಡೇ ಮಾತು ಹೇಳಿದೆ. ಒಂದು ಭಾಗ ಸರಿಯಾಗಿ ಓಡಿದಾಗ ಕಮಿಟ್ ಮಾಡು, ಅಂದರೆ ಆ ರೂಪವನ್ನು ದಾಖಲಿಸು, ಏನು ಮಾಡಿದೆ ಅಂತ ಒಂದು ಸಾಲು ಬರಿ. ಕೆಟ್ಟರೆ ಅಲ್ಲಿಗೆ ವಾಪಸ್ ಬರಬಹುದು. ಟರ್ಮಿನಲ್ ಬೇಡ, ವಿಎಸ್ ಕೋಡ್‌ನ ಬಟನ್‌ನಲ್ಲೇ ಆಗುತ್ತದೆ. ಬ್ರಾಂಚ್, ಮರ್ಜ್ ಇವುಗಳ ಹೆಸರನ್ನೂ ಎತ್ತಲಿಲ್ಲ. ಅವಳ ಕಮಿಟ್ ಸಾಲುಗಳು ಓದಲು ಮಜವಾಗಿರುತ್ತವೆ. "ಸ್ಕೋರ್ ಕೊನೆಗೂ ಸರಿಯಾಯ್ತು, ಯಾರೂ ಮುಟ್ಟಬೇಡಿ" ಅಂತ ಒಂದಿದೆ.

ಎಐ ಬೇಡವೇ ಬೇಡ ಅಂತ ನಾನು ಹೇಳಲಿಲ್ಲ. ಹೇಳಿದರೂ ನಡೆಯುವುದಿಲ್ಲ. ಎರರ್ ಬಂದರೆ ಅದರ ಅರ್ಥ ಕೇಳಬಹುದು, ಕೋಡ್ ಬರೆಸಿಕೊಳ್ಳುವ ಹಾಗಿಲ್ಲ ಅಂತ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಅವಳು ಅದನ್ನು ಮುರಿದಿಲ್ಲ ಅಂತ ನಾನು ಆಣೆ ಮಾಡಲಾರೆ. ಟ್ಯಾಗ್‌ಗಳ ವಿಷಯಕ್ಕೆ ಎಂಡಿಎನ್ ಅನ್ನುವ ಮಾಹಿತಿ ತಾಣ ನೋಡುತ್ತಾಳೆ. ಅಲ್ಲಿಯ ಬರಹ ಒಣಕಲು, ಆದರೆ ಉದಾಹರಣೆಯನ್ನು ಅಲ್ಲೇ ತಿದ್ದಿ ನೋಡಬಹುದು. ಗಂಟೆಗಟ್ಟಲೆ ಉದ್ದದ ವಿಡಿಯೊ ಪಾಠ ಒಂದನ್ನು ಶುರುಮಾಡಿದಳು, ಅರ್ಧಕ್ಕೆ ಬಿಟ್ಟಳು. ನೋಡುವಾಗ ಎಲ್ಲ ಅರ್ಥವಾಗುತ್ತದಂತೆ, ಮುಗಿದ ಮೇಲೆ ಕೈಯೇ ಓಡುವುದಿಲ್ಲವಂತೆ.

ಆಟ ಮುಗಿದ ಮೇಲೆ ಗೆಳತಿಯರಿಗೆ ತೋರಿಸಬೇಕು ಅನ್ನುವ ಆಸೆ. ಕೋಡ್ ಅನ್ನು ಆನ್‌ಲೈನ್‌ನಲ್ಲಿ ಇಡುವ ತಾಣ ಗಿಟ್‌ಹಬ್‌ನಲ್ಲಿ ಖಾತೆ ತೆರೆಯಲು 13 ವರ್ಷವಾದರೂ ಆಗಿರಬೇಕು. ಇವಳಿಗೆ ಆಗಿತ್ತು. ಅಕ್ಕನ ಒಪ್ಪಿಗೆ ಕೇಳಿ, ಅಕ್ಕನ ಎದುರೇ ಖಾತೆ ತೆರೆದೆವು. ಹೆಸರು ನಿಜವಾದದ್ದಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಇಂಥ ಪುಟ್ಟ ಸೈಟ್ ಇಡಲು ದುಡ್ಡು ಕೊಡಬೇಕಾಗಿಲ್ಲ. ಫೈಲ್‌ಗಳನ್ನು ಏರಿಸಿದಳು, ಕೆಲವು ನಿಮಿಷ ಕಾದಳು, ವಿಳಾಸ ತೆರೆದಳು. ಚಿತ್ರಗಳೇ ಇಲ್ಲ! ಅವಳ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿತ್ತು. ಕನ್ಸೋಲ್‌ನಲ್ಲಿ ಕೆಂಪು ಸಾಲು, ಫೈಲ್ ಸಿಗಲಿಲ್ಲ ಅಂತ, 404. ಫೈಲ್ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ ಇತ್ತು, ಕೋಡ್‌ನಲ್ಲಿ ಚಿಕ್ಕಕ್ಷರ. ವಿಂಡೋಸ್‌ಗೆ ಎರಡೂ ಒಂದೇ, ಅಲ್ಲಿಯ ಸರ್ವರ್‌ಗೆ ಬೇರೆ ಬೇರೆ. ಅವತ್ತಿನಿಂದ ಅವಳ ಎಲ್ಲ ಫೈಲ್‌ಗೂ ಚಿಕ್ಕಕ್ಷರದ ಹೆಸರೇ.

ಗೆಳತಿ ಫೋನ್‌ನಲ್ಲಿ ತೆರೆದರೆ ಇರುವೆ ಗಾತ್ರದ ಅಕ್ಷರ. ಪರದೆಯ ಅಗಲಕ್ಕೆ ಪುಟವನ್ನು ಹೊಂದಿಸುವ ವ್ಯೂಪೋರ್ಟ್ ಸಾಲನ್ನೇ ಅವಳು ಬರೆದಿರಲಿಲ್ಲ. ಆಗ ವಿಎಸ್ ಕೋಡ್‌ನ ಒಳಗೇ ಇರುವ ಎಮ್ಮೆಟ್ ತೋರಿಸಿದೆ. ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಪುಟದ ಇಡೀ ಅಸ್ಥಿಪಂಜರ ಬರುತ್ತದೆ, ಆ ಸಾಲೂ ಸೇರಿ. "ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಂತ ರೇಗಿದಳು. ಮೊದಲೇ ಹೇಳಿದ್ದರೆ ಆ ಸಾಲು ಯಾಕಿದೆ ಅಂತ ಅವಳು ಯಾವತ್ತೂ ಕೇಳುತ್ತಿರಲಿಲ್ಲ.

ಒಂದು ಕಡೆ ಮಾತ್ರ ನಾನು ಬಾಯಿ ಮುಚ್ಚಿಕೊಂಡಿದ್ದು ತಪ್ಪಾಯಿತು. ಪುಟದ ಕೊನೆಗೆ 'ಸಂಪರ್ಕಿಸಿ' ಅಂತ ಅಕ್ಕನ ಫೋನ್ ನಂಬರ್ ಹಾಕಿದ್ದಳು. ಎರಡು ದಿನದ ಮೇಲೆ ನನ್ನ ಕಣ್ಣಿಗೆ ಬಿತ್ತು. ತಕ್ಷಣ ಅಳಿಸಿ ಕಮಿಟ್ ಮಾಡಿದಳು. ಆದರೆ ಗಿಟ್ ಇರುವುದೇ ಹಳೆಯದನ್ನು ಕಾಪಾಡಲು. ರಿಪಾಸಿಟರಿಯ, ಅಂದರೆ ಗಿಟ್‌ಹಬ್‌ಗೆ ಏರಿಸಿದ ಫೋಲ್ಡರ್‌ನ, ಇತಿಹಾಸ ತೆರೆದರೆ ನಂಬರ್ ಅಲ್ಲೇ ಇತ್ತು, ಯಾರು ಬೇಕಾದರೂ ನೋಡಬಹುದಿತ್ತು. ಇಡೀ ರಿಪಾಸಿಟರಿಯನ್ನೇ ಅಳಿಸಿ ಹೊಸದಾಗಿ ಏರಿಸಿದೆವು. ಅವಳ ಅಷ್ಟೂ ಕಮಿಟ್ ಸಾಲುಗಳು ಹೋದವು. ಇಂಥದ್ದಕ್ಕೆ ಕೊರತೆ ಕಾಣುವ ತನಕ ಕಾಯಬಾರದು, ಖಾತೆ ತೆರೆಯುವ ದಿನವೇ ಕೂರಿಸಿ ಹೇಳಬೇಕು. ನಂಬರ್, ವಿಳಾಸ, ಶಾಲೆಯ ಹೆಸರು, ಫೋಟೊ ಯಾವುದೂ ಬೇಡ ಅಂತ.

ಈಗ ಅವಳ ಹತ್ತಿರ ಇರುವುದು ಇಷ್ಟು: ಬ್ರೌಸರ್, ವಿಎಸ್ ಕೋಡ್, ಗಿಟ್. ಎಕ್ಸ್‌ಟೆನ್ಷನ್ ಒಂದೇ, ಲೈವ್ ಸರ್ವರ್. ಸೇವ್ ಮಾಡಿದ ಕೂಡಲೇ ಪುಟ ತಾನೇ ರೀಲೋಡ್ ಆಗುತ್ತದೆ. ಅದು ಬಂದದ್ದು ರೀಲೋಡ್ ಒತ್ತಿ ಬೇಜಾರಾಗಿ ಅಲ್ಲ. ಪದಗಳ ಪಟ್ಟಿಯನ್ನು ಬೇರೆ ಫೈಲ್‌ನಲ್ಲಿ ಇಟ್ಟು ಓದಲು ಹೋದಾಗ ಬ್ರೌಸರ್ ಒಪ್ಪಲಿಲ್ಲ. ಡಿಸ್ಕ್‌ನಿಂದ ನೇರ ತೆರೆದ ಪುಟ ಹಾಗೆ ಬೇರೆ ಫೈಲ್ ಓದುವುದಕ್ಕೆ ಅದು ಬಿಡುವುದಿಲ್ಲ, ಚಿಕ್ಕದಾದರೂ ಒಂದು ಸರ್ವರ್ ಬೇಕು.

ರಿಯಾಕ್ಟ್ ಯಾವಾಗ ಅಂತ ಒಂದೆರಡು ಸಲ ಕೇಳಿದ್ದಾಳೆ. ಗೆಳತಿಯ ಅಣ್ಣ ಅದಿಲ್ಲದೆ ವೆಬ್‌ಸೈಟೇ ಅಲ್ಲ ಅಂದಿದ್ದಾನಂತೆ. ಸದ್ಯ ಅವಳ ಆಟದಲ್ಲಿ ಒಂದೇ ಥರದ 20 ಕಾರ್ಡ್ ಇವೆ, ಎಲ್ಲವನ್ನೂ ಕಾಪಿ ಪೇಸ್ಟ್ ಮಾಡಿದ್ದಾಳೆ. ಮೊನ್ನೆ ಒಂದು ಕಾಗುಣಿತ ತಪ್ಪನ್ನು 20 ಕಡೆ ತಿದ್ದುತ್ತಾ ಗೊಣಗುತ್ತಿದ್ದಳು. ಅದಕ್ಕೆ ರಿಯಾಕ್ಟ್ ಬೇಕಿಲ್ಲ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಲೂಪ್ ಸಾಕು. ಅದನ್ನು ಅವಳು ಇನ್ನೂ ಕೇಳಿಲ್ಲ, ನಾನೂ ಹೇಳಿಲ್ಲ.

ನಿನ್ನೆ ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲುತ್ತಿಲ್ಲ ಅಂತ ಹಳೆಯದೆಲ್ಲ ಅಳಿಸುತ್ತಿದ್ದಳು. ನಾನು ಮೊದಲ ದಿನ ಮಾಡಿಕೊಟ್ಟ ಫೋಲ್ಡರ್ ಸಿಕ್ಕಿತು. ಡಿಲೀಟ್ ಒತ್ತಿ ಎದ್ದು ಹೋದಳು. ನೀರು ಕುಡಿದು ವಾಪಸ್ ಬಂದಾಗಲೂ ಫೈಲ್‌ಗಳ ಲೆಕ್ಕ ಇಳಿಯುತ್ತಲೇ ಇತ್ತು.

"ಅವತ್ತು ಇಷ್ಟೊಂದು ಏನ್ ಹಾಕಿದ್ದೆ ಮಾಮ ಇದರಲ್ಲಿ?"